ವಲಸಿಗರ ಹಡಗಿನಲ್ಲಿ ಸರ್ಕಾರದ ಕೈ ಎಲ್ಲಿಯವರೆಗೆ ಚಾಚುತ್ತಿತ್ತು?

ಓದುಗರ ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದಲ್ಲಿ ವಲಸಿಗರನ್ನು ಸಾಗಿಸುವ ಹಡಗುಗಳಲ್ಲಿ ಎಷ್ಟು ಜನರಿರಬಹುದು, ಅವರಿಗೆ ಎಷ್ಟು ನೀರು, ಎಷ್ಟು ಆಹಾರ ಕೊಡಬೇಕು ಎಂಬುದಕ್ಕೆಲ್ಲ ಬ್ರಿಟನ್ನಿನಲ್ಲಿ ಕಾಯ್ದೆಗಳಿದ್ದವು ಎಂದು ಓದಿದೆ. ಹಾಗಿದ್ದರೆ 1847ರಲ್ಲಿ ಐರ್ಲೆಂಡಿನ ಅಷ್ಟೊಂದು ಜನ ಕೆನಡಾದ ದಾರಿಯಲ್ಲಿ ಸತ್ತದ್ದು ಹೇಗೆ? ಆ ಕಾನೂನು ಬರೀ ಕಾಗದದ ಮೇಲಿತ್ತೇ? ನಮ್ಮ ದೇಶದಿಂದ ಕರಾರು ಕೂಲಿಗಳನ್ನು ಒಯ್ದ ಹಡಗುಗಳಿಗೂ ಇಂಥ ತಪಾಸಣೆ ಇತ್ತೇ? ಈ ಸಾವುಗಳ ಬಗ್ಗೆ ಸಿಗುವ ಅಂಕಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಕಾನೂನು ಬರೀ ಕಾಗದದ ಮೇಲಿರಲಿಲ್ಲ. ಅದನ್ನು ಜಾರಿಗೆ ತರಲು ಬಂದರುಗಳಲ್ಲಿ ಅಧಿಕಾರಿಗಳಿದ್ದರು, ಅವರಲ್ಲಿ ಹಲವರು ಶ್ರದ್ಧೆಯಿಂದಲೇ ದುಡಿದರು, ಕಪ್ತಾನರ ಮೇಲೆ ದಂಡಗಳೂ ಬಿದ್ದವು. ಆದರೆ ಅಟ್ಲಾಂಟಿಕ್ ದಾಟುವ ಹಡಗುಗಳ ಮಟ್ಟಿಗೆ ಆ ಅಧಿಕಾರಿಯ ಕಣ್ಣು ಬಂದರಿನ ಬಾಯಿಯವರೆಗೆ ಮಾತ್ರ ಹೋಗುತ್ತಿತ್ತು. ಹಡಗು ಹಾಯಿ ಬಿಚ್ಚಿದ ಮೇಲೆ ಆಚೆ ದಡ ಮುಟ್ಟುವತನಕ ಕಪ್ತಾನನೇ ಸರ್ಕಾರ. ಅದೇ ಕಾಲದಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದ ಕೆಲವು ಹಡಗುಗಳಲ್ಲಿ ಸರ್ಕಾರವೇ ನೇಮಿಸಿದ ವೈದ್ಯನೊಬ್ಬ ಪ್ರಯಾಣದುದ್ದಕ್ಕೂ ಇರುತ್ತಿದ್ದ, ಮತ್ತು ಅವನ ಸಂಭಾವನೆ ಜೀವಂತವಾಗಿ ಇಳಿದವರ ತಲೆ ಎಣಿಸಿ ಪಾವತಿಯಾಗುತ್ತಿತ್ತು. ಈ ಎರಡು ಬಗೆಯ ಹಡಗುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ನಿಯಮ ಎಷ್ಟು ಬಿಗಿಯಾಗಿತ್ತು ಎಂಬುದಕ್ಕಿಂತ, ಅದನ್ನು ನೋಡಿಕೊಳ್ಳುವವನು ಎಲ್ಲಿ ನಿಂತಿದ್ದ ಮತ್ತು ಹಣ ಯಾವ ಹಂತದಲ್ಲಿ ಸಂದಾಯವಾಗುತ್ತಿತ್ತು ಎಂಬ ಎರಡು ಸಂಗತಿಗಳೇ ಜನರ ಜೀವವನ್ನು ಹೆಚ್ಚಾಗಿ ನಿರ್ಧರಿಸಿದವು ಎಂಬುದು ನನ್ನ ಅಭಿಪ್ರಾಯ. ಭಾರತದ ಹಡಗುಗಳು ಈ ಅಭಿಪ್ರಾಯವನ್ನು ಸ್ವಲ್ಪ ಜಟಿಲಗೊಳಿಸುತ್ತವೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬ್ರಿಟನ್ನಿನ ಮೊದಲ ಪ್ರಯಾಣಿಕರ ಕಾಯ್ದೆ ಬಂದದ್ದು 1803ರಲ್ಲಿ. ಓದಿದರೆ ಬಹಳ ಉದಾರವಾದ ಕಾಯ್ದೆ: ಹಡಗಿನ ಪ್ರತಿ ಎರಡು ಟನ್ನಿಗೆ ಒಬ್ಬರಿಗಿಂತ ಹೆಚ್ಚು ಜನ ಇರಕೂಡದು, ಹನ್ನೆರಡು ವಾರಕ್ಕಾಗುವಷ್ಟು ಆಹಾರ ಇರಬೇಕು, ದಿನಕ್ಕೆ ತಲಾ ಅರ್ಧ ಪೌಂಡ್ ಮಾಂಸ, ಒಂದೂವರೆ ಪೌಂಡ್ ರೊಟ್ಟಿ ಅಥವಾ ಬಿಸ್ಕತ್ತು ಅಥವಾ ಓಟ್ಸ್ ಹಿಟ್ಟು, ಒಂದು ಗ್ಯಾಲನ್ ನೀರು, ಐವತ್ತಕ್ಕಿಂತ ಹೆಚ್ಚು ಜನರಿದ್ದರೆ ವೈದ್ಯ. ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡಿನ ಬಡ ಒಕ್ಕಲು ಮನೆಯಲ್ಲಿದ್ದಾಗ ದಿನಕ್ಕೆ ಅಷ್ಟು ಮಾಂಸ ಕಂಡಿರುವುದು ಸಂಶಯ. ಈ ಔದಾರ್ಯದ ಹಿಂದಿನ ಉದ್ದೇಶ ಬೇರೆ ಇತ್ತು. ಸ್ಕಾಟ್ಲೆಂಡಿನ ಹೈಲ್ಯಾಂಡ್ ಮತ್ತು ದ್ವೀಪಗಳ ಭೂಮಾಲೀಕರಿಗೆ ಕಡಲಪಾಚಿಯನ್ನು ಸುಟ್ಟು ಕ್ಷಾರ ತೆಗೆಯುವ ಲಾಭದ ಉದ್ಯಮಕ್ಕೆ ಅಗ್ಗದ ಆಳುಗಳು ಬೇಕಿದ್ದರು, ಸೈನ್ಯಕ್ಕೂ ಜನ ಬೇಕಿತ್ತು, ಒಕ್ಕಲುಗಳು ಅಮೆರಿಕಕ್ಕೆ ಹೊರಟರೆ ಇಬ್ಬರಿಗೂ ನಷ್ಟ. ಎಡಿನ್‌ಬರೋದ ಹೈಲ್ಯಾಂಡ್ ಸೊಸೈಟಿ ಈ ಕಾಯ್ದೆಗಾಗಿ ಒತ್ತಾಯಿಸಿತು. ಕರಡು ಸಿದ್ಧಪಡಿಸಿದವರಲ್ಲಿ ಪ್ರಮುಖನಾದ, ಆಗ ಸ್ಕಾಟ್ಲೆಂಡಿನ ಲಾರ್ಡ್ ಅಡ್ವೊಕೇಟ್, ಅಂದರೆ ಸರ್ಕಾರದ ಮುಖ್ಯ ಕಾನೂನು ಅಧಿಕಾರಿ, ಆಗಿದ್ದ ಚಾರ್ಲ್ಸ್ ಹೋಪ್, ಮೇಲುನೋಟಕ್ಕೆ ಇದು ಹಡಗಿನ ವ್ಯವಸ್ಥೆಯನ್ನು ಸರಿಪಡಿಸುವ ಕಾಯ್ದೆಯಾದರೂ ವಲಸೆಯನ್ನು ಪರೋಕ್ಷವಾಗಿ ತಡೆಯುವುದೂ ಅದರ ಉದ್ದೇಶವಾಗಿತ್ತು ಎಂದು ಮರುವರ್ಷವೇ ಪತ್ರವೊಂದರಲ್ಲಿ ಒಪ್ಪಿಕೊಂಡ. ಟಿಕೆಟ್ಟಿನ ದರ ಏರಿದರೆ ಬಡವರು ಹೊರಡಲಾರರು ಎಂಬುದು ಲೆಕ್ಕಾಚಾರ. ಕರುಣೆಯ ಭಾಷೆಯಲ್ಲಿ ಬರೆದ ಕಾನೂನು ಯಾರ ಹಿತಕ್ಕಾಗಿ ಬಂತು ಎಂದು ಕೇಳುವ ಅಭ್ಯಾಸ ಈ ವಿಷಯವನ್ನು ಓದುವವರಿಗೆ ಮೊದಲಿನಿಂದಲೂ ಬೇಕಾಗುತ್ತದೆ.

ನೆಪೋಲಿಯನ್ ಯುದ್ಧಗಳು ಮುಗಿದು ಬ್ರಿಟನ್ನಿನಲ್ಲಿ ನಿರುದ್ಯೋಗ ಹೆಚ್ಚಿದಾಗ ಮೇಲಿನವರ ಅಭಿಪ್ರಾಯವೂ ತಿರುಗಿತು. ಬಡವರು ಹೊರಟುಹೋಗುವುದೇ ಒಳ್ಳೆಯದು ಎಂಬ ಮಾತು ಬಲವಾಯಿತು, ಕಾಯ್ದೆಗಳು ಸಡಿಲವಾಗುತ್ತ ಬಂದು 1827ರಲ್ಲಿ ಪೂರ್ತಿ ರದ್ದಾದವು. ಒಂದೇ ಋತುವಿನಲ್ಲಿ ಇದರ ಫಲ ಕಾಣಿಸಿತು. ಕೆನಡಾದ ಬಂದರುಗಳಿಗೆ ಕಿಕ್ಕಿರಿದು, ಹಸಿದು, ಜ್ವರ ಹಿಡಿದು ಬಂದವರ ಸುದ್ದಿ ಲಂಡನ್ನಿಗೆ ತಲುಪಿತು. 1828ರಲ್ಲಿ ಮತ್ತೆ ಕಾಯ್ದೆ ಮಾಡಬೇಕಾಯಿತು, ಆದರೆ ಈ ಬಾರಿ ಮಾಂಸದ ಮಾತಿಲ್ಲ: ನಾಲ್ಕು ಟನ್ನಿಗೆ ಮೂವರು, ಎರಡು ಡೆಕ್ಕುಗಳ ನಡುವೆ ಐದೂವರೆ ಅಡಿ ಎತ್ತರ, ತಲಾ 50 ಗ್ಯಾಲನ್ ನೀರು, 50 ಪೌಂಡ್ ಹಿಟ್ಟು ಅಥವಾ ಬಿಸ್ಕತ್ತು.

ಐದೂವರೆ ಅಡಿ ಎತ್ತರ ಏಕೆ ಎಂದು ತಿಳಿಯಬೇಕಾದರೆ ಈ ಹಡಗುಗಳು ಯಾವುವು ಎಂದು ತಿಳಿಯಬೇಕು. ಅವುಗಳಲ್ಲಿ ಹೆಚ್ಚಿನವು ಪ್ರಯಾಣಿಕರಿಗಾಗಿ ಕಟ್ಟಿದವಲ್ಲ. ಕ್ವಿಬೆಕ್, ಸೇಂಟ್ ಜಾನ್ ಮುಂತಾದ ಕಡೆಗಳಿಂದ ಬ್ರಿಟನ್ನಿಗೆ ಮರದ ದಿಮ್ಮಿ ತರುತ್ತಿದ್ದ ಹಡಗುಗಳಿಗೆ ಹಿಂದಿರುಗುವಾಗ ಸಾಕಷ್ಟು ಸರಕು ಸಿಗುತ್ತಿರಲಿಲ್ಲ. ಆ ಖಾಲಿ ಹೊಟ್ಟೆಯಲ್ಲಿ ಒರಟು ಹಲಗೆಗಳನ್ನು ಮೊಳೆ ಹೊಡೆದು ಎರಡು ಅಂತಸ್ತಿನ ಮಂಚಗಳನ್ನು ಜೋಡಿಸಿದರೆ ಜನರನ್ನು ತುಂಬಬಹುದಿತ್ತು. ಆಚೆ ದಡದಲ್ಲಿ ಜನರನ್ನು ಇಳಿಸಿದ ಕೂಡಲೇ ಹಲಗೆ ಕಿತ್ತು ಮತ್ತೆ ದಿಮ್ಮಿ ಹೇರುತ್ತಿದ್ದರು. ಬಾಡಿಗೆ ಪೂರ್ತಿಯಾಗಿ ಮುಂಗಡ. ದಲ್ಲಾಳಿ ತನ್ನ ಪಾಲು ಇಟ್ಟುಕೊಂಡು ಮಾಲೀಕನ ಪಾಲು ಕೊಟ್ಟ ಮೇಲೆ, ಪ್ರಯಾಣಿಕ ಬದುಕಿ ಇಳಿದನೇ ಇಲ್ಲವೇ ಎಂಬುದರಿಂದ ಇಬ್ಬರಿಗೂ ಒಂದು ಕಾಸಿನ ವ್ಯತ್ಯಾಸವೂ ಆಗುತ್ತಿರಲಿಲ್ಲ.

ತಪಾಸಣೆಗೆಂದೇ ಅಧಿಕಾರಿಯನ್ನು ನೇಮಿಸುವ ಪದ್ಧತಿ 1833ರಲ್ಲಿ ಲಿವರ್‌ಪೂಲಿನಲ್ಲಿ ಶುರುವಾಯಿತು. ಮೊದಲು ನೇಮಕವಾದವನು ನೌಕಾಪಡೆಯ ಲೆಫ್ಟಿನೆಂಟ್ ಲೋ. ಯುದ್ಧ ಮುಗಿದ ಮೇಲೆ ಅರ್ಧ ಸಂಬಳದ ಮೇಲೆ ಸುಮ್ಮನಿದ್ದ ನೌಕಾಪಡೆಯ ಅಧಿಕಾರಿಗಳು ಬ್ರಿಟನ್ನಿನಲ್ಲಿ ಬೇಕಾದಷ್ಟಿದ್ದರು. ಹಡಗು ಗೊತ್ತಿದ್ದವರು, ಕಪ್ತಾನರ ಬೆದರಿಕೆಗೆ ಬಗ್ಗದವರು, ಸರ್ಕಾರಕ್ಕೆ ಹೆಚ್ಚು ಖರ್ಚಿಲ್ಲದವರು. ಬ್ರಿಸ್ಟಲ್, ಗ್ರೀನಕ್, ಡಬ್ಲಿನ್, ಕಾರ್ಕ್, ಲಿಮರಿಕ್, ಬೆಲ್‌ಫಾಸ್ಟ್ ಮುಂತಾದ ಬಂದರುಗಳಿಗೂ ಇಂಥವರನ್ನೇ ಹಾಕಿದರು. ಇವರು ಹಲಗೆಗಳನ್ನು ಅಳೆಯುತ್ತಿದ್ದರು, ಪೀಪಾಯಿ ತೆರೆಸಿ ನೀರು ಮತ್ತು ಬಿಸ್ಕತ್ತು ನೋಡುತ್ತಿದ್ದರು, ಪಟ್ಟಿಯಲ್ಲಿದ್ದ ಹೆಸರುಗಳಿಗೂ ಡೆಕ್ಕಿನ ಮೇಲಿದ್ದ ತಲೆಗಳಿಗೂ ತಾಳೆ ಹಾಕುತ್ತಿದ್ದರು, ದಲ್ಲಾಳಿಯಿಂದ ಮೋಸಹೋದವರಿಗೆ ಹಣ ವಾಪಸು ಕೊಡಿಸುತ್ತಿದ್ದರು. 1840ರಲ್ಲಿ ಇವರೆಲ್ಲರ ಮೇಲೆ ಲಂಡನ್ನಿನಲ್ಲಿ ವಸಾಹತು ಭೂಮಿ ಮತ್ತು ವಲಸೆ ಆಯೋಗ ಸ್ಥಾಪನೆಯಾಯಿತು. 1842ರ ದೊಡ್ಡ ಕಾಯ್ದೆ ಬಹುಮಟ್ಟಿಗೆ ಈ ಅಧಿಕಾರಿಗಳ ಅನುಭವದಿಂದಲೇ ಹುಟ್ಟಿದ್ದು. ಬಂದರಿನಲ್ಲಿ ಏನೇನು ಮೋಸ ನಡೆಯುತ್ತದೆ ಎಂದು ಬಲ್ಲವರ ಕೈ ಅದರಲ್ಲಿ ಕಾಣಿಸುತ್ತದೆ: ದಲ್ಲಾಳಿಗೆ ಪರವಾನಗಿ ಇರಬೇಕು, ಹೇಳಿದ ದಿನಕ್ಕೆ ಹಡಗು ಹೊರಡದಿದ್ದರೆ ಪ್ರಯಾಣಿಕನಿಗೆ ದಿನಕ್ಕೊಂದು ಶಿಲ್ಲಿಂಗ್ ಕೊಡಬೇಕು, ಹಡಗಿನಲ್ಲಿ ಮದ್ಯ ಮಾರಕೂಡದು, ಮಂಚ ಎರಡು ಅಂತಸ್ತಿಗಿಂತ ಹೆಚ್ಚಿರಬಾರದು, ಡೆಕ್ಕುಗಳ ನಡುವೆ ಆರು ಅಡಿ ಎತ್ತರ ಇರಬೇಕು, ದಿನಕ್ಕೆ ತಲಾ ಮೂರು ಕ್ವಾರ್ಟ್ (ಮುಕ್ಕಾಲು ಗ್ಯಾಲನ್) ನೀರು, ವಾರಕ್ಕೆ ಏಳು ಪೌಂಡ್ ಹಿಟ್ಟು ಅಥವಾ ಬಿಸ್ಕತ್ತು ಅಥವಾ ಅಕ್ಕಿ ಕೊಡಬೇಕು.

ಈ ಕಾಯ್ದೆಯ ಒಂದು ಅಂಶವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಕಾನೂನು ಪಾಲನೆಯಾದ ಹಡಗು ಕೂಡ ಹೇಗಿರುತ್ತಿತ್ತು ಎಂಬುದು ಇದರಿಂದ ತಿಳಿಯುತ್ತದೆ. ತಲಾ ಹತ್ತು ಚದರ ಅಡಿ ಜಾಗ ಎಂದು ನಿಯಮ. ಆದರೆ ಕಾನೂನಿನ ಲೆಕ್ಕದಲ್ಲಿ ಹದಿನಾಲ್ಕು ವರ್ಷದೊಳಗಿನ ಇಬ್ಬರು ಮಕ್ಕಳು ಸೇರಿ ಒಬ್ಬ ಪ್ರಯಾಣಿಕ, ವರ್ಷ ತುಂಬದ ಕೂಸು ಲೆಕ್ಕಕ್ಕೇ ಇಲ್ಲ. ಗಂಡ, ಹೆಂಡತಿ, ಹದಿಮೂರು, ಹನ್ನೊಂದು, ಎಂಟು, ಐದು ವರ್ಷದ ನಾಲ್ವರು ಮಕ್ಕಳು, ಒಂದು ಕೈಗೂಸು ಇರುವ ಏಳು ಜನರ ಸಂಸಾರ ಕಾನೂನಿನ ಕಣ್ಣಿಗೆ ನಾಲ್ವರು ಪ್ರಯಾಣಿಕರು. ಅವರಿಗೆ ಸಲ್ಲುವುದು ನಲವತ್ತು ಚದರ ಅಡಿ, ಅಂದರೆ ಎಂಟಡಿ ಉದ್ದ ಐದಡಿ ಅಗಲ. ಅಲ್ಲೇ ಮಲಗಬೇಕು, ಉಣ್ಣಬೇಕು, ಬಿರುಗಾಳಿ ಎದ್ದಾಗ ಮೇಲಿನ ಬಾಗಿಲುಗಳನ್ನು ಮುಚ್ಚಿದರೆ ದಿನಗಟ್ಟಲೆ ಅಲ್ಲೇ ವಾಂತಿ, ಮಲಮೂತ್ರ ಎಲ್ಲವೂ. ಕೊಡುತ್ತಿದ್ದ ಆಹಾರವೂ ಬೇಯಿಸಿದ್ದಲ್ಲ, ಹಸಿ ಹಿಟ್ಟು. ಡೆಕ್ಕಿನ ಮೇಲಿನ ಒಂದೆರಡು ಒಲೆಗಳಿಗೆ ನೂರಾರು ಜನ ಮುಗಿಬಿದ್ದಾಗ ಗಟ್ಟಿ ತೋಳಿನವರಿಗೆ ಬೆಂದದ್ದು, ಉಳಿದವರಿಗೆ ಅರೆಬೆಂದದ್ದು. ಅಟ್ಲಾಂಟಿಕ್ ಹಡಗಿನಲ್ಲಿ ವೈದ್ಯ ಇರಲೇಬೇಕೆಂಬ ಕಟ್ಟುಪಾಡೂ ಆಗ ಇರಲಿಲ್ಲ.

1847ರಲ್ಲಿ ಜಾರಿಯಲ್ಲಿದ್ದದ್ದು ಈ ಕಾಯ್ದೆಯೇ. ಆಲೂಗೆಡ್ಡೆಯ ರೋಗದಿಂದ ಬರಗಾಲ ಬಿದ್ದ ಐರ್ಲೆಂಡಿನಲ್ಲಿ ಆಗಲೇ ಟೈಫಸ್ ಎಂಬ ಸಾಂಕ್ರಾಮಿಕ ಜ್ವರ ಹರಡಿತ್ತು. ಟೈಫಸ್ ಹೇನಿನಿಂದ ಬರುತ್ತದೆ ಎಂದು ಆ ಕಾಲದ ಯಾವ ವೈದ್ಯನಿಗೂ ಗೊತ್ತಿರಲಿಲ್ಲ; ಮೈಗೆ ಸೇರಿದ ಮೇಲೆ ಒಂದೆರಡು ವಾರ ಏನೂ ತೋರಿಸಿಕೊಳ್ಳದ ಆ ರೋಗವನ್ನು ಬಂದರಿನಲ್ಲಿ ನಾಲಿಗೆ ನೋಡಿ ಹಿಡಿಯುವುದು ಸಾಧ್ಯವೂ ಇರಲಿಲ್ಲ. ಇದರ ಜೊತೆಗೆ ಅಮೆರಿಕ ಸಂಯುಕ್ತ ಸಂಸ್ಥಾನ ಅದೇ ವರ್ಷ ತನ್ನ ಪ್ರಯಾಣಿಕರ ಕಾಯ್ದೆಯನ್ನು ಬಿಗಿಗೊಳಿಸಿ ತಲಾ ಜಾಗವನ್ನು ಹೆಚ್ಚಿಸಿತು. ನ್ಯೂಯಾರ್ಕಿನ ದರ ಏರಿತು. ಅತಿ ಬಡವರೂ ಅತಿ ದುರ್ಬಲರೂ ಕ್ವಿಬೆಕ್ಕಿನ ದಾರಿ ಹಿಡಿದರು. ಒಂದು ದೇಶದ ಒಳ್ಳೆಯ ಕಾನೂನು ಪಕ್ಕದ ದಾರಿಯ ಮೇಲೆ ಹೆಣ ಹೇರಿದ ಉದಾಹರಣೆ ಇದು. ಐರ್ಲೆಂಡಿನ ಎಷ್ಟೋ ಸಣ್ಣ ಬಂದರುಗಳಲ್ಲಿ ವಲಸೆ ಅಧಿಕಾರಿಯೇ ಇರಲಿಲ್ಲ, ಸುಂಕದವರೇ ನೋಡಿ ಬಿಡುತ್ತಿದ್ದರು. ಇದ್ದ ಕಡೆ, ಉದಾಹರಣೆಗೆ ಲಿವರ್‌ಪೂಲಿನಲ್ಲಿ, ಬೆರಳೆಣಿಕೆಯ ಅಧಿಕಾರಿಗಳಿಗೆ ಎದುರಾಗಿ ನಿಂತದ್ದು ಜನಸಾಗರ.

ಸೇಂಟ್ ಲಾರೆನ್ಸ್ ನದಿಯ ಗ್ರೋಸ್ ಐಲ್ ಎಂಬ ದ್ವೀಪದಲ್ಲಿ 1832ರಿಂದಲೂ ಒಂದು ಕ್ವಾರಂಟೈನ್ ಠಾಣೆ ಇತ್ತು. ಡಾಕ್ಟರ್ ಜಾರ್ಜ್ ಡಗ್ಲಸ್ ಅದರ ಮೇಲ್ವಿಚಾರಕ. 1847ರ ಮೇ ತಿಂಗಳ ಮಧ್ಯದಲ್ಲಿ ಮೊದಲ ಹಡಗು ಬಂತು. ತಿಂಗಳು ಮುಗಿಯುವ ಹೊತ್ತಿಗೆ ಸುಮಾರು 40 ಹಡಗುಗಳು, 12 ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತು, ನದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ರಾಸ್‌ಕಾಮನ್ ಜಿಲ್ಲೆಯ ಸ್ಟ್ರೋಕ್ಸ್‌ಟೌನ್ ಜಮೀನಿನ ಒಡೆಯ ಮೇಜರ್ ಡೆನಿಸ್ ಮಾಹನ್ ತನ್ನ ಒಕ್ಕಲುಗಳನ್ನು ತೆರವು ಮಾಡಲು ತಾನೇ ಟಿಕೆಟ್ ಕೊಡಿಸಿ ಸಾಗಿಸಿದ. ಅವರಲ್ಲಿ ಅನೇಕರು ಲಿವರ್‌ಪೂಲಿನಿಂದ ಹತ್ತಿದ ವರ್ಜೀನಿಯಸ್ ಎಂಬ ಹಡಗಿನಲ್ಲಿ 476 ಪ್ರಯಾಣಿಕರಿದ್ದರು. ದ್ವೀಪ ಮುಟ್ಟುವ ಮೊದಲೇ 158 ಜನ ಸತ್ತಿದ್ದರು, ಕಪ್ತಾನನೂ ಸತ್ತಿದ್ದ. ಆ ವರ್ಷ ಬ್ರಿಟಿಷ್ ಉತ್ತರ ಅಮೆರಿಕಕ್ಕೆ, ಅಂದರೆ ಇಂದಿನ ಕೆನಡಾಕ್ಕೆ, ಹೊರಟ ಸುಮಾರು ಒಂದು ಲಕ್ಷ ಜನರಲ್ಲಿ, ಹಡಗಿನಲ್ಲಿ, ಕ್ವಾರಂಟೈನಿನಲ್ಲಿ, ಇಳಿದ ಊರುಗಳ ಆಸ್ಪತ್ರೆಗಳಲ್ಲಿ ಎಲ್ಲ ಸೇರಿ ಆರರಲ್ಲಿ ಒಬ್ಬರಷ್ಟು ಸತ್ತರು.

ಸ್ಟೀಫನ್ ಡಿ ವಿಯರ್ ಎಂಬ ಐರಿಷ್ ಭೂಮಾಲೀಕ ಅದೇ ವರ್ಷ, ಬಡವರು ಹೇಗೆ ಹೋಗುತ್ತಾರೆ ಎಂದು ಕಣ್ಣಾರೆ ನೋಡಲು, ಅವರ ಜೊತೆಯಲ್ಲೇ ಕೆಳಡೆಕ್ಕಿನಲ್ಲಿ ಕ್ವಿಬೆಕ್ಕಿಗೆ ಪ್ರಯಾಣ ಮಾಡಿದ. ಅವನು ಬರೆದ ಪತ್ರ ಲಂಡನ್ನಿನ ಮಂತ್ರಿಗಳವರೆಗೂ ಹೋಗಿ ಮುಂದಿನ ತಿದ್ದುಪಡಿಗಳಿಗೆ ಕಾರಣವಾಯಿತು. ಬೆಳಕಿಲ್ಲ, ಗಾಳಿಯಿಲ್ಲ, ಹಾಸಿಗೆಗಳನ್ನು ಒಮ್ಮೆಯೂ ಮೇಲೆ ತಂದು ಒಣಗಿಸಲಿಲ್ಲ, ನಿಷೇಧವಿದ್ದರೂ ಮದ್ಯ ಮಾರಾಟವಾಗುತ್ತಿತ್ತು ಎಂದೆಲ್ಲ ಅದರಲ್ಲಿದೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಒಂದು ಸಣ್ಣ ವಿವರ: ನೀರು ಅಳೆದು ಕೊಡುತ್ತಿದ್ದ ಗ್ಯಾಲನ್ ಪಾತ್ರೆಯಲ್ಲಿ ಹಿಡಿಯುತ್ತಿದ್ದದ್ದು ನಾಲ್ಕು ಕ್ವಾರ್ಟ್ ಅಲ್ಲ, ಮೂರೇ ಕ್ವಾರ್ಟ್. ನಾಲ್ಕರಲ್ಲೊಂದು ಪಾಲು ನೀರು ದಿನವೂ ಮಾಯ. ಬಂದರಿನಲ್ಲಿ ಪೀಪಾಯಿ ಎಣಿಸಿದ ಅಧಿಕಾರಿಗೆ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ. ಅಳತೆಯ ಪಾತ್ರೆ ಹೊರಬರುವುದು ಸಮುದ್ರದ ಮೇಲೆ. ಡಿ ವಿಯರ್ ಕ್ವಿಬೆಕ್ಕಿನಲ್ಲಿ ಇದನ್ನು ರುಜುವಾತು ಮಾಡಿ ಕಪ್ತಾನನಿಗೆ ದಂಡ ಹಾಕಿಸಿದ. ಅಕ್ಷರ ಬಲ್ಲ, ಹಣವುಳ್ಳ, ಕುಳಿತು ದೂರು ಬರೆಯುವಷ್ಟು ಪುರಸೊತ್ತಿದ್ದ ಒಬ್ಬ ಮನುಷ್ಯ ಆ ಹಡಗಿನಲ್ಲಿ ಆಕಸ್ಮಿಕವಾಗಿ ಇದ್ದುದರಿಂದ ಅದು ಸಾಧ್ಯವಾಯಿತು; ಇಳಿದ ಬಂದರು ಬ್ರಿಟಿಷ್ ವಸಾಹತಾಗಿದ್ದುದೂ ಅಷ್ಟೇ ಮುಖ್ಯ.

ಈ ಎರಡನೆಯ ಮಾತಿಗೆ ಆಧಾರ ಮೂರು ವರ್ಷಗಳ ಬಳಿಕ ಸಿಗುತ್ತದೆ. 1848 ಮತ್ತು 1849ರಲ್ಲಿ ಕಾನೂನು ಇನ್ನಷ್ಟು ಬಿಗಿಯಾಗಿ, ಜಾಗ ಹೆಚ್ಚಿ, ವಾರದ ಪಡಿಯಲ್ಲಿ ಚಹಾ, ಸಕ್ಕರೆ, ಕಾಕಂಬಿ ಸಹ ಸೇರಿದ್ದವು. 1850ರ ಅಕ್ಟೋಬರಿನಲ್ಲಿ ವಿಯರ್ ಫಾಸ್ಟರ್ ಎಂಬ ಮತ್ತೊಬ್ಬ ಅನುಕೂಲಸ್ಥ ಲಿವರ್‌ಪೂಲಿನಿಂದ ನ್ಯೂಯಾರ್ಕಿಗೆ ವಾಷಿಂಗ್ಟನ್ ಎಂಬ ದೊಡ್ಡ ಅಮೆರಿಕನ್ ಹಡಗಿನಲ್ಲಿ ಒಂಬೈನೂರಕ್ಕೂ ಹೆಚ್ಚು ಬಡ ಪ್ರಯಾಣಿಕರ ಜೊತೆ ಹೊರಟ. ವೈದ್ಯಕೀಯ ತಪಾಸಣೆ ನಡೆಯಿತು. ವೈದ್ಯ ಹೆಸರು ಕೇಳಿ, ಆರೋಗ್ಯವೇ ಎಂದು ಕೇಳಿ, ನಾಲಿಗೆ ಚಾಚು ಎಂದು, ಸರಿ ಎಂದು, ಇಷ್ಟನ್ನೂ ಒಂದೇ ಉಸಿರಿನಲ್ಲಿ ಮುಗಿಸಿ ಮುಂದಿನವನತ್ತ ತಿರುಗಿದ. ಹಡಗು ಹೊರಟ ಮೇಲೆ ಪಡಿ ಬರಲಿಲ್ಲ, ನೀರಿಗೆ ನಿಂತವರಿಗೆ ಹೊಡೆತ ಬಿದ್ದವು. ಕಾನೂನಿನ ಪ್ರಕಾರ ಸಲ್ಲಬೇಕಾದದ್ದನ್ನು ಕೊಡಿ ಎಂದು ಪ್ರಯಾಣಿಕರ ಪರವಾಗಿ ಪತ್ರ ಬರೆದ ಫಾಸ್ಟರನನ್ನು ಕಪ್ತಾನನ ಕೈಕೆಳಗಿನ ಅಧಿಕಾರಿಯಾದ ಮುಖ್ಯ ಮೇಟ್ ಹೊಡೆದು ಡೆಕ್ಕಿನ ಮೇಲೆ ಕೆಡವಿದ, ಕಪ್ತಾನ ಸಂಕೋಲೆಯ ಬೆದರಿಕೆ ಹಾಕಿದ. ಭೇದಿಯಿಂದ ಮಕ್ಕಳು ಸತ್ತರು. ಫಾಸ್ಟರನ ವರದಿ ಬ್ರಿಟಿಷ್ ಪಾರ್ಲಿಮೆಂಟಿನ ಕಾಗದಪತ್ರಗಳಲ್ಲಿ ಅಚ್ಚಾಯಿತು. ಆದರೆ ಹಡಗು ಅಮೆರಿಕದ್ದು, ತಪ್ಪು ನಡೆದದ್ದು ನಡುಗಡಲಿನಲ್ಲಿ, ಸಾಕ್ಷಿಗಳೆಲ್ಲ ನ್ಯೂಯಾರ್ಕಿನಲ್ಲಿ ಇಳಿದು ಕೂಲಿ ಹುಡುಕುತ್ತ ಚದುರಿಹೋದವರು. ಇಂಥ ಮೊಕದ್ದಮೆಯನ್ನು ಲಿವರ್‌ಪೂಲಿನಲ್ಲಿ ನಡೆಸಿ ಗೆಲ್ಲುವ ದಾರಿಯೇ ಇರಲಿಲ್ಲ. ಆಯೋಗದವರು ಕಲ್ಲುಹೃದಯದವರಾಗಿದ್ದರು ಎಂದು ಕೆಲವರು ಬರೆಯುತ್ತಾರೆ. ನಾನು ಹಾಗೆ ಹೇಳಲಾರೆ. ಅವರ ಕೈಗೆ ಉದ್ದವಿರಲಿಲ್ಲ.

ಇನ್ನು ಆಸ್ಟ್ರೇಲಿಯಾದ ದಾರಿ. ಅಲ್ಲಿನ ವ್ಯವಸ್ಥೆಯ ಬೇರು ಕೈದಿಗಳ ಹಡಗುಗಳಲ್ಲಿದೆ. 1790ರಲ್ಲಿ ಸಿಡ್ನಿಗೆ ಬಂದ ಎರಡನೆಯ ಕೈದಿ ನೌಕಾಪಡೆಯ ಗುತ್ತಿಗೆದಾರರಿಗೆ ಹತ್ತಿಸಿಕೊಂಡ ತಲೆಗೆ ಇಷ್ಟು ಎಂದು ಹಣ ನಿಗದಿಯಾಗಿತ್ತು. ಕೈದಿ ಸತ್ತರೆ ಅವನ ಪಡಿ ಉಳಿತಾಯ. ನಾಲ್ಕರಲ್ಲಿ ಒಬ್ಬರು ದಾರಿಯಲ್ಲಿ ಸತ್ತರು. ಆ ಮೇಲಿನ ಒಪ್ಪಂದಗಳಲ್ಲಿ ಹಣದ ಒಂದು ಭಾಗವನ್ನು ಕೈದಿ ಜೀವಂತವಾಗಿ ಇಳಿಯುವತನಕ ತಡೆಹಿಡಿಯುವ ಪದ್ಧತಿ ಬಂತು. 1814ರಲ್ಲಿ ಜನರಲ್ ಹೆವಿಟ್, ತ್ರೀ ಬೀಸ್, ಸರ್ರಿ ಎಂಬ ಮೂರು ಹಡಗುಗಳಲ್ಲಿ ರೋಗ ಹರಡಿ ಅನೇಕರು ಸತ್ತಾಗ ವಿಲಿಯಂ ರೆಡ್‌ಫರ್ನ್ ವಿಚಾರಣೆ ನಡೆಸಿದ. ಸ್ವತಃ ಕೈದಿಯಾಗಿ ಬಂದು ಕ್ಷಮೆ ಪಡೆದು ಸಿಡ್ನಿಯ ವೈದ್ಯನಾಗಿದ್ದ ಅವನು, ಹಡಗಿನ ಮಾಲೀಕ ನೇಮಿಸಿದ ವೈದ್ಯ ಕಪ್ತಾನನ ಎದುರು ಬಾಯಿ ತೆರೆಯಲಾರ, ಆದ್ದರಿಂದ ಸರ್ಕಾರವೇ ನೌಕಾಪಡೆಯ ವೈದ್ಯನನ್ನು ಅಧಿಕಾರ ಕೊಟ್ಟು ಕಳಿಸಬೇಕು ಎಂದು ವರದಿ ಕೊಟ್ಟ. 1815ರಿಂದ ಅದು ಜಾರಿಗೆ ಬಂತು. ಸರ್ಜನ್ ಸೂಪರಿಂಟೆಂಡೆಂಟ್ ಎಂಬ ಈ ಹುದ್ದೆ ಮುಂದೆ ಸರ್ಕಾರದ ನೆರವಿನಿಂದ ಹೋಗುವ ಸ್ವತಂತ್ರ ವಲಸಿಗರ ಹಡಗುಗಳಿಗೂ ಬಂತು. ಆ ಪ್ರಯಾಣಕ್ಕೆ ಹಣ ಬರುತ್ತಿದ್ದದ್ದು ಬಹುಪಾಲು ವಸಾಹತಿನ ಭೂಮಿ ಮಾರಾಟದಿಂದ. ದುಡಿಯುವ ಕೈಗಳನ್ನು ಬೇಡಿ ಹಣ ಕೊಟ್ಟವರು ಆಚೆ ದಡದಲ್ಲಿ ಕಾದು ನಿಂತಿದ್ದರು.

ಅಂಥ ಹಡಗಿನ ದಿನಚರಿ ಸೈನ್ಯದ ಶಿಬಿರದಂತಿತ್ತು. ಬೆಳಗ್ಗೆ ಏಳಕ್ಕೆ ಎಲ್ಲರೂ ಎದ್ದು ಹಾಸಿಗೆ ಸುತ್ತಬೇಕು, ಹವೆ ಚೆನ್ನಾಗಿದ್ದರೆ ಹಾಸಿಗೆಗಳನ್ನು ಮೇಲೆ ತಂದು ಗಾಳಿಗೆ ಹಾಕಬೇಕು, ಕೆಳಡೆಕ್ಕನ್ನು ನೀರು ಸುರಿದು ತೊಳೆಯದೆ ಒಣಗಿದ್ದಂತೆಯೇ ಕೆರೆದು ಗುಡಿಸಬೇಕು, ಏಕೆಂದರೆ ತೇವವೇ ರೋಗದ ಮನೆ ಎಂದು ಆಗಿನ ವೈದ್ಯರು ನಂಬಿದ್ದರು. ಒಂಟಿ ಗಂಡಸರು ಮುಂಭಾಗದಲ್ಲಿ, ಸಂಸಾರಸ್ಥರು ನಡುವೆ, ಒಂಟಿ ಹೆಂಗಸರು ಹಿಂಭಾಗದಲ್ಲಿ ಮೇಟ್ರನ್ ಒಬ್ಬಳ ಕಾವಲಿನಲ್ಲಿ. ವಲಸಿಗರಲ್ಲೇ ಕೆಲವರನ್ನು ಕಾನ್‌ಸ್ಟೇಬಲ್‌ಗಳೆಂದು ಆರಿಸುತ್ತಿದ್ದರು. ಸಿಡ್ನಿಯಲ್ಲಿ ಇಳಿಯುವ ಮೊದಲು ವಲಸೆ ಮಂಡಳಿಯವರು ಹಡಗು ಹತ್ತಿ ಜನರನ್ನೇ ಕೇಳುತ್ತಿದ್ದರು: ಪಡಿ ಸರಿಯಾಗಿ ಸಿಕ್ಕಿತೇ, ವೈದ್ಯ ನೋಡಿಕೊಂಡನೇ, ದೂರು ಇದೆಯೇ. ಉತ್ತರ ತೃಪ್ತಿಕರವಾಗಿದ್ದರೆ ಮಾತ್ರ ವೈದ್ಯನಿಗೂ ಹಡಗಿನ ಅಧಿಕಾರಿಗಳಿಗೂ ತಲೆಗಿಷ್ಟು ಎಂಬ ಸಂಭಾವನೆ. ಮೂರು ತಿಂಗಳು ಮೀರಿದ ಈ ಪ್ರಯಾಣದಲ್ಲಿ ಸಾವಿನ ಪ್ರಮಾಣ ಶತಮಾನದ ಉತ್ತರಾರ್ಧದಲ್ಲಿ ಸರಾಸರಿ ನೂರಕ್ಕೆ ಒಬ್ಬರ ಆಸುಪಾಸಿಗೆ ಇಳಿಯಿತು. ಸತ್ತವರಲ್ಲಿ ಹೆಚ್ಚಿನವರು ದಡಾರ, ಭೇದಿಗೆ ಸಿಕ್ಕಿದ ಪುಟ್ಟ ಮಕ್ಕಳು.

ಈ ವ್ಯವಸ್ಥೆಯೂ ಒಮ್ಮೆ ಕುಸಿಯಿತು. ಚಿನ್ನದ ಆಸೆಗೆ ಜನ ಮುಗಿಬಿದ್ದ 1852ರಲ್ಲಿ ಹಡಗುಗಳ ಅಭಾವವಾಗಿ ಆಯೋಗವೇ ಎರಡು ಅಂತಸ್ತಿನ ದೊಡ್ಡ ಹಡಗುಗಳನ್ನು ಗೊತ್ತುಮಾಡಿತು. ಅವುಗಳಲ್ಲಿ ಒಂದಾದ ಟೈಕಾಂಡರೋಗ, ಬಹುಪಾಲು ಸ್ಕಾಟ್ಲೆಂಡಿನ ಹೈಲ್ಯಾಂಡಿನವರಾದ 795 ಜನರನ್ನು ಹೊತ್ತು ಆಗಸ್ಟಿನಲ್ಲಿ ಹೊರಟು ನವೆಂಬರಿನಲ್ಲಿ ಮೆಲ್ಬರ್ನಿನ ಬಳಿ ಬಂದಾಗ ಟೈಫಸ್ಸಿನಿಂದ 100 ಜನ ಸಮುದ್ರದಲ್ಲೇ ಸತ್ತಿದ್ದರು. ವೈದ್ಯರು ಇಬ್ಬರಿದ್ದರು, ನಿಯಮಗಳೂ ಇದ್ದವು. ಆದರೆ ಬೆಳಕು ಬಾರದ ಕೆಳಗಿನ ಡೆಕ್ಕಿನಲ್ಲಿ ಅಷ್ಟು ಜನರನ್ನು ಇಬ್ಬರು ನೋಡಿಕೊಳ್ಳುವುದು ಆಗದ ಕೆಲಸ. ಆ ಬಳಿಕ ಆಯೋಗ ಅಂಥ ಹಡಗುಗಳನ್ನು ಕೈಬಿಟ್ಟಿತು.

ಈಗ ಭಾರತದ ಹಡಗುಗಳ ಬಗ್ಗೆ. ಹೌದು, ತಪಾಸಣೆ ಇತ್ತು, ಅದೂ ಬಹಳ ಬೇಗ ಶುರುವಾಯಿತು. ಕಲ್ಕತ್ತದಿಂದ ಹೊರಡುವವರಿಗೆ ಸಂಬಂಧಿಸಿದ 1837ರ ಕಾಯ್ದೆಯಲ್ಲೇ ಅಧಿಕಾರಿಯ ಎದುರು ಕರಾರು, ಹಡಗಿನ ಜಾಗ, ಆಹಾರ, ವೈದ್ಯ ಎಲ್ಲವೂ ಬಂದಿವೆ. 1838ರ ಜನವರಿಯಲ್ಲಿ ಜಾನ್ ಗ್ಲ್ಯಾಡ್‌ಸ್ಟನ್ ಎಂಬ ತೋಟದ ಒಡೆಯನಿಗಾಗಿ ವಿಟ್ಬಿ ಮತ್ತು ಹೆಸ್ಪರಸ್ ಎಂಬ ಹಡಗುಗಳು ಬ್ರಿಟಿಷ್ ಗಯಾನಾಕ್ಕೆ ಹೊರಟವು. 414 ಜನರಲ್ಲಿ 396 ಜನ ಇಳಿದರು. ಮೋಸ, ಅಪಹರಣ, ತೋಟಗಳಲ್ಲಿನ ಹೊಡೆತದ ಸುದ್ದಿ ಬಂದು 1839ರಲ್ಲಿ ಕೂಲಿ ವಲಸೆಯನ್ನು ನಿಷೇಧಿಸಿದರು. 1842ರಲ್ಲಿ ಮಾರಿಷಸ್ಸಿಗೆ, 1844ರಲ್ಲಿ ವೆಸ್ಟ್ ಇಂಡೀಸಿಗೆ ಮತ್ತೆ ಬಾಗಿಲು ತೆರೆಯಿತು. ಬಂದರಿನಲ್ಲಿ ವಲಸಿಗರ ರಕ್ಷಕ ಎಂಬ ಸರ್ಕಾರಿ ಅಧಿಕಾರಿ, ಡಿಪೋದಲ್ಲಿ ತಪಾಸಣೆ, ಹಡಗಿನಲ್ಲಿ ಸರ್ಜನ್, ಅವನ ಕೈಕೆಳಗೆ ಸರ್ದಾರರು, ಅಡುಗೆಗೆ ಭಂಡಾರಿಗಳು, ಶುಚಿಗೊಳಿಸಲು ಟೋಪಾಸುಗಳು, ಅಕ್ಕಿ ಬೇಳೆ ತುಪ್ಪದ ತೂಕ, ಹೆಂಗಸರ ಪ್ರಮಾಣ ಗಂಡಸರ ನೂರಕ್ಕೆ ನಲವತ್ತು, ತಲಾ 72 ಘನ ಅಡಿ ಜಾಗ: ಶತಮಾನ ಸಾಗಿದಂತೆ ಇವೆಲ್ಲ ನಿಯಮಗಳಾದವು. ಕಾಗದದ ಮೇಲೆ ಇದು ಐರಿಷ್ ವಲಸಿಗನಿಗೆ ಎಂದೂ ಸಿಗದ ರಕ್ಷಣೆ. ಮದ್ರಾಸಿನಿಂದ 1860ರಲ್ಲಿ ಟ್ರೂರೊ ಹಡಗು 342 ಜನರೊಂದಿಗೆ ದಕ್ಷಿಣ ಆಫ್ರಿಕಾದ ನಟಾಲ್ ವಸಾಹತಿನ ಡರ್ಬನ್ ಮುಟ್ಟಿದಾಗಿನಿಂದ ಆರಂಭವಾಗುವ ನಟಾಲಿನ ಹಡಗು ಪಟ್ಟಿಗಳಲ್ಲಿ ಪ್ರತಿಯೊಬ್ಬರ ತಂದೆಯ ಹೆಸರು, ಜಿಲ್ಲೆ, ಹಳ್ಳಿ, ಮೈಮೇಲಿನ ಗುರುತು ಎಲ್ಲವೂ ದಾಖಲಾಗಿವೆ. ಮೈಸೂರು ಸೀಮೆಯಿಂದ ಹೋದವರೂ ಅವುಗಳಲ್ಲಿದ್ದಾರೆ.

ಆದರೂ 1856–57ರ ಋತುವಿನಲ್ಲಿ ಕಲ್ಕತ್ತದಿಂದ ವೆಸ್ಟ್ ಇಂಡೀಸಿಗೆ ಹೋದ ಹಡಗುಗಳಲ್ಲಿ ಸರಾಸರಿ ನೂರಕ್ಕೆ 17 ಜನ ಸತ್ತರು. 1858ರಲ್ಲಿ ಟ್ರಿನಿಡಾಡಿಗೆ ಹೋದ ಸಾಲ್ಸೆಟ್ ಹಡಗಿನ 324 ಜನರಲ್ಲಿ 120ಕ್ಕೂ ಹೆಚ್ಚು ಜನ ದಾರಿಯಲ್ಲಿ ತೀರಿಕೊಂಡರು. ವೈದ್ಯ ಹಡಗಿನಲ್ಲಿದ್ದ ಮೇಲೂ ಹೀಗೇಕಾಯಿತು? ಸರ್ಕಾರದ ಕೋರಿಕೆಯ ಮೇಲೆ ಡಾಕ್ಟರ್ ಮೌಅಟ್ ನಡೆಸಿದ ವಿಚಾರಣೆ ಡಿಪೋದತ್ತ, ಅಲ್ಲಿನ ಕಾಲರಾದತ್ತ, ಹೂಗ್ಲಿಯ ನೀರಿನತ್ತ ಬೆರಳು ತೋರಿಸಿತು. ಅದೇ ಕಾಲದಲ್ಲಿ ಮದ್ರಾಸಿನ ಹಡಗುಗಳಲ್ಲಿ ಸಾವು ಬಹಳ ಕಡಿಮೆಯಿತ್ತು ಎಂಬುದೂ ಇದನ್ನೇ ಹೇಳುತ್ತದೆ. ಹಳ್ಳಿಯಿಂದ ಜನರನ್ನು ಹಿಡಿದು ತರುವ ಅರ್ಕಾಟಿಗೆ ಹಣ ಸಿಗುತ್ತಿದ್ದದ್ದು ಡಿಪೋಗೆ ಒಪ್ಪಿಸಿದ ತಲೆಗೆ; ಆ ತಲೆ ಗಯಾನಾ ಮುಟ್ಟುತ್ತದೆಯೇ ಎಂಬುದು ಅವನ ಲೆಕ್ಕದಲ್ಲಿರಲಿಲ್ಲ. ರೋಗ ಮತ್ತು ನಿತ್ರಾಣ ಡಿಪೋದಲ್ಲೇ ಒಳಸೇರಿದ ಮೇಲೆ ಹಡಗಿನ ವೈದ್ಯ ಎಷ್ಟು ದಕ್ಷನಾದರೂ ಮಾಡಬಹುದಾದದ್ದು ಅಲ್ಪ. ಡಿಪೋದ ತಪಾಸಣೆ ಬಿಗಿಯಾಗಿ, ಹೊರಡುವ ತಿಂಗಳುಗಳು ನಿಗದಿಯಾಗಿ, ಹಡಗಿನಲ್ಲೇ ಸಮುದ್ರದ ನೀರನ್ನು ಬಟ್ಟಿ ಇಳಿಸುವ ಯಂತ್ರ ಬಂದ ಮೇಲೆ ಈ ಪ್ರಮಾಣ ಶತಮಾನದ ಕೊನೆಗೆ ನೂರಕ್ಕೆ ಒಂದೆರಡಕ್ಕೆ ಇಳಿಯಿತು.

ಆದರೆ ಜೀವ ಉಳಿಸುವುದು ಒಂದು, ಮನುಷ್ಯನಂತೆ ನಡೆಸಿಕೊಳ್ಳುವುದು ಇನ್ನೊಂದು. ತಲೆ ಎಣಿಸಿ ಹಣ ಕೊಡುವ ವ್ಯವಸ್ಥೆಗೆ ಮೊದಲನೆಯದಷ್ಟೇ ಕಾಣಿಸುತ್ತಿತ್ತು. 1885ರಲ್ಲಿ ಕಲ್ಕತ್ತದಿಂದ ಬ್ರಿಟಿಷ್ ಗಯಾನಾಕ್ಕೆ ಹೋದ ಅಲನ್‌ಶಾ ಹಡಗಿನಲ್ಲಿ ತರುಣಿಯೊಬ್ಬಳು ನಾವಿಕರ ಅತ್ಯಾಚಾರದಿಂದ ಸತ್ತಳೆಂಬ ಆರೋಪ ಬಂದು, ಇಳಿದ ಬಂದರಿನಲ್ಲಿ ಪೂರ್ಣ ಪ್ರಮಾಣದ ವಿಚಾರಣೆ ನಡೆಯಿತು. ಸಹಪ್ರಯಾಣಿಕರ ಹೇಳಿಕೆಗಳನ್ನು ಬರೆದುಕೊಂಡರು. ಕೊನೆಗೆ ಸಾಕ್ಷ್ಯ ಸಾಲದೆಂದು ಯಾರಿಗೂ ಶಿಕ್ಷೆಯಾಗಲಿಲ್ಲ. ವೈದ್ಯರಲ್ಲಿ ಅನೇಕರಿಗೆ ಜನರ ಭಾಷೆ ಬರುತ್ತಿರಲಿಲ್ಲ. ಸರ್ದಾರನ ಮೂಲಕ ಹೋಗದ ದೂರು ದೂರೇ ಆಗುತ್ತಿರಲಿಲ್ಲ.

ಅಟ್ಲಾಂಟಿಕ್ಕಿನ ಕಥೆಯನ್ನು ಮುಗಿಸಿದ್ದು ಹೆಚ್ಚಾಗಿ ಹಬೆ ಯಂತ್ರ ಎನ್ನಬೇಕು. 1855ರ ಕಾಯ್ದೆ ಬ್ರಿಟಿಷ್ ನಿಯಮಗಳನ್ನೆಲ್ಲ ಒಂದೆಡೆ ತಂದು ಗಟ್ಟಿಗೊಳಿಸಿತು ನಿಜ. ಆದರೆ 1870ರ ಹೊತ್ತಿಗೆ ಬಹುಪಾಲು ವಲಸಿಗರು ಹಾಯಿಹಡಗಿನ ಐದಾರು ವಾರಗಳ ಬದಲು ಹಬೆಹಡಗಿನಲ್ಲಿ ಎರಡು ವಾರದೊಳಗೆ ದಾಟುತ್ತಿದ್ದರು. ಟೈಫಸ್ ಒಬ್ಬರಿಂದೊಬ್ಬರಿಗೆ ಹರಡಿ ಬಲಿಯುವಷ್ಟು ಕಾಲವೇ ಉಳಿಯಲಿಲ್ಲ. 1872ರಲ್ಲಿ ಆಯೋಗದ ಈ ಕೆಲಸ ಸರ್ಕಾರದ ವ್ಯಾಪಾರ ಇಲಾಖೆಯಾದ ಬೋರ್ಡ್ ಆಫ್ ಟ್ರೇಡಿಗೆ ವರ್ಗವಾಯಿತು.

ಕೊನೆಗೆ ಅಂಕಿಗಳು. ಅವು ಸುಳ್ಳಲ್ಲ, ಆದರೆ ಏನನ್ನು ಎಣಿಸಿದ್ದಾರೆ ಎಂದು ಪ್ರತಿಸಲವೂ ನೋಡಬೇಕು. ಒಟ್ಟು ಪ್ರಯಾಣಿಕರೆಂದು ಕೊಟ್ಟ ಸಂಖ್ಯೆ ತಲೆಗಳದ್ದೋ, ಮಕ್ಕಳನ್ನು ಅರ್ಧವೆಂದು ಹಿಡಿದ ಕಾನೂನಿನ ಲೆಕ್ಕದ್ದೋ ಎಂಬುದು ಮೊದಲ ಪ್ರಶ್ನೆ. ಎರಡನೆಯದಾಗಿದ್ದರೆ ಸಾವಿನ ಪ್ರಮಾಣ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ನಲವತ್ತು ದಿನದ ಪ್ರಯಾಣದ ನೂರಕ್ಕೆ ಎರಡನ್ನೂ ನೂರು ದಿನದ ಪ್ರಯಾಣದ ನೂರಕ್ಕೆ ಎರಡನ್ನೂ ಒಂದೇ ಎಂದು ಹಿಡಿಯಬಾರದು. ತಿಂಗಳ ಲೆಕ್ಕಕ್ಕೆ ಇಳಿಸಿಯೇ ಹೋಲಿಸಬೇಕು. ಹಡಗಿನ ಲೆಕ್ಕ ಲಂಗರು ಹಾಕಿದ ದಿನಕ್ಕೆ ಮುಗಿಯುತ್ತದೆ, ರೋಗ ಮುಗಿಯುವುದಿಲ್ಲ. ಆದ್ದರಿಂದ ಹೊರಟ ಬಂದರಿನ ಕಾಗದದ ಜೊತೆಗೆ ಇಳಿದ ಬಂದರಿನ ಕ್ವಾರಂಟೈನ್ ದಾಖಲೆಯನ್ನೂ ನೋಡಬೇಕು. ಮೇಲೆ ಹೇಳಿದ ಟೈಕಾಂಡರೋಗದಲ್ಲಿ ಸಮುದ್ರದ ಸಾವು 795ಕ್ಕೆ 100, ಅಂದರೆ ನೂರಕ್ಕೆ ಹನ್ನೆರಡು ಹದಿಮೂರು. ಮೆಲ್ಬರ್ನ್ ಬಳಿಯ ಕ್ವಾರಂಟೈನ್ ನೆಲೆಯಾದ ಪಾಯಿಂಟ್ ನೆಪಿಯನ್ನಿನಲ್ಲಿ ದಡದ ಮೇಲೆ ಸತ್ತ ಸುಮಾರು 70 ಜನರನ್ನು ಸೇರಿಸಿದರೆ ಅದು ನೂರಕ್ಕೆ 21 ದಾಟುತ್ತದೆ.